ಮಲೇರಿಯಾ ಪೀಡಿತ, ಮಲೇರಿಯಾ ಮುಕ್ತ: ಈ ಹಣೆಪಟ್ಟಿಗಳು ಏನನ್ನು ಹೇಳುತ್ತವೆ?

2025ರ ಜೂನ್ 30ರಂದು ದಕ್ಷಿಣ ಅಮೆರಿಕದ ಸುರಿನಾಮ್ ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆ ‘ಮಲೇರಿಯಾ ಮುಕ್ತ’ ಪ್ರಮಾಣಪತ್ರ ನೀಡಿತು. ಅಮೆಜಾನ್ ಕಾಡಿನ ಅಂಚಿನಲ್ಲಿರುವ ದೇಶವೊಂದಕ್ಕೆ ಈ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಮರುತಿಂಗಳೇ ಟಿಮೋರ್-ಲೆಸ್ಟೆ ಆ ಸಾಲಿಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಜಾರ್ಜಿಯಾಕ್ಕೆ, 2024ರ ಅಕ್ಟೋಬರ್‌ನಲ್ಲಿ ಈಜಿಪ್ಟಿಗೆ ಪ್ರಮಾಣಪತ್ರ ಸಿಕ್ಕಿತ್ತು. ಆದರೆ ಇದಕ್ಕೂ ಹಿಂದೆ, 2023ರ ಬೇಸಿಗೆಯಲ್ಲಿ, ಸುದ್ದಿ ಬೇರೆಯೇ ದಿಕ್ಕಿನಿಂದ ಬಂದಿತ್ತು. 1951ರಲ್ಲಿಯೇ ಮಲೇರಿಯಾ ತೊಲಗಿತೆಂದು ಸಾರಿದ್ದ ಅಮೆರಿಕದಲ್ಲಿ, ಫ್ಲಾರಿಡಾ ರಾಜ್ಯದ ಒಂದೇ ಕೌಂಟಿಯ ಏಳು ಜನರಿಗೆ ಅಲ್ಲಿನ ಸೊಳ್ಳೆಗಳಿಂದಲೇ ಮಲೇರಿಯಾ ಅಂಟಿತು. ಟೆಕ್ಸಾಸ್, ಮೇರಿಲ್ಯಾಂಡ್, ಅರ್ಕಾನ್ಸಾಗಳಲ್ಲಿ ತಲಾ ಒಬ್ಬರಿಗೆ ತಗಲಿತು. ಅಷ್ಟಾದರೂ ಅಮೆರಿಕವನ್ನು ಯಾರೂ ಮಲೇರಿಯಾ ಪೀಡಿತ ದೇಶ ಎಂದು ಕರೆಯಲಿಲ್ಲ.

ಓದುಗರಿಗೆ ಗೊಂದಲವಾಗುವುದು ಇಲ್ಲಿಯೇ. ಪ್ರಕರಣಗಳು ಕಂಡರೂ ಮುಕ್ತ ಎನ್ನುವುದು ಹೇಗೆ? ವರ್ಷಗಟ್ಟಲೆ ಒಂದೂ ಪ್ರಕರಣವಿಲ್ಲದ ಪ್ರದೇಶದ ಮೇಲೆ ಆರೋಗ್ಯ ಇಲಾಖೆ ಕಣ್ಣಿಟ್ಟೇ ಇರುವುದು ಯಾಕೆ? ಪ್ರವಾಸಕ್ಕೆ ಹೊರಟವರಿಗೆ ವೈದ್ಯರು ‘ಅದು ಮಲೇರಿಯಾ ಇರುವ ಜಾಗ, ಮಾತ್ರೆ ತೆಗೆದುಕೊಳ್ಳಿ’ ಎಂದಾಗ ಅವರ ಮನಸ್ಸಿನಲ್ಲಿರುವ ಅರ್ಥ ಯಾವುದು? ಒಂದೇ ಹಣೆಪಟ್ಟಿಯಡಿ ಮೂರು ಬೇರೆ ಬೇರೆ ಸಂಗತಿಗಳು ಕುಳಿತಿವೆ. ಅಲ್ಲಿ ಈಗ ರೋಗ ಹರಡುತ್ತಿದೆಯೇ ಎಂಬುದೊಂದು, ಹರಡುವ ಅನುಕೂಲ ಅಲ್ಲಿದೆಯೇ ಎಂಬುದು ಇನ್ನೊಂದು, ಸರ್ಕಾರಿ ಲೆಕ್ಕದ ಗೆರೆಯ ಯಾವ ಬದಿಗೆ ಆ ಊರು ಬಿದ್ದಿದೆ ಎಂಬುದು ಮತ್ತೊಂದು. ಈ ಮೂರನ್ನು ಬಿಡಿಸಿ ನೋಡದಿದ್ದರೆ ಸುದ್ದಿ ಅರ್ಥವಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತಪ್ಪು ತೀರ್ಮಾನಗಳಿಗೆ ಜನ ಬಲಿಯಾಗುತ್ತಾರೆ. ಹಾಗೆ ಬಲಿಯಾದ ಇತಿಹಾಸವೂ ಇದೆ.

ಪ್ರಮಾಣಪತ್ರ ಎಣಿಸುವುದು ಏನನ್ನು?

ಮಲೇರಿಯಾ ಪ್ರಕರಣಗಳನ್ನು ಅಧಿಕಾರಿಗಳು ರೋಗಿ ಎಲ್ಲಿ ಮಲಗಿದ್ದಾನೆ ಎಂಬುದರ ಮೇಲೆ ವಿಂಗಡಿಸುವುದಿಲ್ಲ, ರೋಗ ಎಲ್ಲಿ ಅಂಟಿತು ಎಂಬುದರ ಮೇಲೆ ವಿಂಗಡಿಸುತ್ತಾರೆ. ಬೇರೆ ದೇಶದಲ್ಲಿ ಸೊಳ್ಳೆ ಕಚ್ಚಿ, ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಅದು ಹೊರಗಿನಿಂದ ಬಂದ ಪ್ರಕರಣ. ಆ ರೋಗಿಯನ್ನು ಕಚ್ಚಿದ ಸ್ಥಳೀಯ ಸೊಳ್ಳೆ ನೆರೆಮನೆಯವನಿಗೆ ರೋಗ ದಾಟಿಸಿದರೆ ಅದನ್ನು ಹೊರಗಿನ ಪ್ರಕರಣದ ಮೊದಲ ಕವಲು ಎಂದು ಬೇರೆಯಾಗಿ ಬರೆಯುತ್ತಾರೆ. ರಕ್ತ ವರ್ಗಾವಣೆಯಿಂದ ಬಂದದ್ದಕ್ಕೆ ಇನ್ನೊಂದು ಕಲಂ. ಇವು ಯಾವುವೂ ಅಲ್ಲದೆ, ಹೊರಗಿನ ನಂಟು ಕಾಣದೆ ಊರೊಳಗೇ ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಸುತ್ತುತ್ತಿರುವ ಸರಪಳಿಯಿಂದ ಬಂದದ್ದು ಮಾತ್ರ ‘ಸ್ಥಳೀಯ’ ಪ್ರಕರಣ.

ಮೂರು ವರ್ಷ ಸತತವಾಗಿ ಇಡೀ ದೇಶದಲ್ಲಿ ಇಂಥ ಸ್ಥಳೀಯ ಸರಪಳಿ ಒಂದೂ ಇಲ್ಲ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದರೆ, ಮತ್ತು ಮರಳಿ ಬಂದರೆ ತಡೆಯುವ ವ್ಯವಸ್ಥೆ ಇದೆ ಎಂದು ಸಾಬೀತುಪಡಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಅಂದರೆ ‘ಮುಕ್ತ’ ಎಂಬುದಕ್ಕೆ ‘ಅಲ್ಲಿ ಯಾರಿಗೂ ಮಲೇರಿಯಾ ಬರುವುದಿಲ್ಲ’ ಎಂಬ ಅರ್ಥ ಎಂದೂ ಇರಲಿಲ್ಲ. ಆ ಮನ್ನಣೆಯನ್ನು ಕಳೆದುಕೊಳ್ಳುವುದಕ್ಕೂ ಅಳತೆಯಿದೆ. ಒಂದೇ ತಾಣದಲ್ಲಿ, ಒಂದೇ ಜಾತಿಯ ರೋಗಾಣುವಿನಿಂದ, ವರ್ಷಕ್ಕೆ ಕನಿಷ್ಠ ಮೂರು ಸ್ಥಳೀಯ ಪ್ರಕರಣಗಳು ಸತತ ಮೂರು ವರ್ಷ ಕಂಡರೆ ರೋಗ ಮತ್ತೆ ಬೇರೂರಿರಬಹುದು ಎಂದು ಪರಿಗಣಿಸಲಾಗುತ್ತದೆ. ಫ್ಲಾರಿಡಾದ ಏಳು ಪ್ರಕರಣಗಳು ಒಂದೇ ಋತುವಿನಲ್ಲಿ ಹುಟ್ಟಿ ಅಲ್ಲಿಗೇ ನಿಂತವು. ಆದ್ದರಿಂದ ಅಮೆರಿಕದ ಸ್ಥಾನ ಬದಲಾಗಲಿಲ್ಲ.

ಕೆಟ್ಟ ಗಾಳಿಯಿಂದ ಗುಲ್ಮದವರೆಗೆ

ಮಲೇರಿಯಾ ಎಂಬ ಹೆಸರೇ ಒಂದು ತಪ್ಪು ತಿಳಿವಳಿಕೆಯ ಉಳಿಕೆ. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಕೆಟ್ಟ ಗಾಳಿ ಎಂದರ್ಥ. ಜೌಗು ನೆಲದಿಂದ ಏಳುವ ದುರ್ಗಂಧವೇ ಚಳಿಜ್ವರ ತರುತ್ತದೆ ಎಂದು ಶತಮಾನಗಳ ಕಾಲ ನಂಬಲಾಗಿತ್ತು. ರೋಮ್ ನಗರದ ಆಗ್ನೇಯಕ್ಕಿದ್ದ ಪಾಂಟೀನ್ ಜೌಗು ಪ್ರದೇಶದಲ್ಲಿ ಬೇಸಿಗೆ ಕಳೆಯಲು ಜನ ಹೆದರುತ್ತಿದ್ದರು. ಈ ನಂಬಿಕೆಯಲ್ಲಿ ರೋಗ ನೆಲದ ಗುಣ, ಆ ನೆಲಕ್ಕೆ ಅಂಟಿದ ಶಾಪ. 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೀನ್‌ನಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ರೋಗಾಣುವನ್ನು ಕಂಡರು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಗಾಳಿಯ ವಾದ ಬಿತ್ತು. ಆದರೆ ನೆಲವನ್ನೇ ದೂರುವ ಅಭ್ಯಾಸ ಮಾತಿನಲ್ಲಿ ಉಳಿದುಕೊಂಡಿತು.

ಒಂದು ಊರು ಎಷ್ಟರಮಟ್ಟಿಗೆ ಪೀಡಿತ ಎಂದು ಅಳೆಯುವ ವಿಧಾನ ಮಾತ್ರ ಈ ಎರಡೂ ಶೋಧಗಳಿಗಿಂತ ಹಳೆಯದು. 1840ರ ದಶಕದಲ್ಲಿ ಯಮುನಾ ಕಾಲುವೆಗಳ ಆಸುಪಾಸಿನ ಹಳ್ಳಿಗಳಲ್ಲಿ ಜ್ವರ ಯಾಕೆ ಹೆಚ್ಚು ಎಂದು ತಿಳಿಯಲು ಹೋದ ಡೆಂಪ್‌ಸ್ಟರ್ ಎಂಬ ವೈದ್ಯರು ಹಳ್ಳಿಗರ ಹೊಟ್ಟೆ ಮುಟ್ಟಿ ನೋಡಿದರು. ಮಲೇರಿಯಾ ಪದೇ ಪದೇ ಬಂದವರಲ್ಲಿ ಗುಲ್ಮ (ಸ್ಪ್ಲೀನ್) ಎಂಬ ಅಂಗ ಊದಿಕೊಳ್ಳುತ್ತದೆ. ಆರೋಗ್ಯವಂತ ಮಗುವಿನ ಗುಲ್ಮ ಎಡ ಪಕ್ಕೆಲುಬುಗಳ ಅಡಿಯಲ್ಲಿ ಅಡಗಿರುತ್ತದೆ, ಬೆರಳಿಗೆ ಸಿಗುವುದಿಲ್ಲ. ಮಗುವನ್ನು ನಿಲ್ಲಿಸಿಯೋ ಮಲಗಿಸಿಯೋ ಪಕ್ಕೆಲುಬಿನ ಕೆಳಗೆ ಬೆರಳ ತುದಿಗಳನ್ನಿಟ್ಟು ಉಸಿರೆಳೆಯಲು ಹೇಳಿದಾಗ, ಊದಿದ ಗುಲ್ಮ ಕೆಳಗೆ ಸರಿದು ಗಟ್ಟಿಯಾಗಿ ತಾಗುತ್ತದೆ. ಪ್ರಯೋಗಾಲಯ ಬೇಡ, ಸೂಕ್ಷ್ಮದರ್ಶಕ ಬೇಡ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಕ್ಕಿತೆಂಬ ಲೆಕ್ಕವೇ ಆ ಊರಿನ ಅಳತೆ.

ಇಪ್ಪತ್ತನೇ ಶತಮಾನದ ನಡುವೆ ಇದನ್ನೇ ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಿದರು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 10ರವರೆಗೆ ಗುಲ್ಮ ಊದಿದ್ದರೆ ಅಲ್ಪ ಪೀಡಿತ, ಶೇ 11ರಿಂದ 50 ಇದ್ದರೆ ಮಧ್ಯಮ, ಶೇ 50 ದಾಟಿದರೆ ತೀವ್ರ, ಶೇ 75 ದಾಟಿದರೆ ಸಂಪೂರ್ಣ ಪೀಡಿತ. ಕೊನೆಯ ಮೆಟ್ಟಿಲಿನಲ್ಲಿ ಒಂದು ವಿಚಿತ್ರವಿದೆ. ಅಲ್ಲಿ ಮಕ್ಕಳ ಗುಲ್ಮ ಊದಿರುತ್ತದೆ, ದೊಡ್ಡವರ ಗುಲ್ಮ ಬಹುಮಟ್ಟಿಗೆ ಮಾಮೂಲಾಗಿರುತ್ತದೆ.

ಹೆಚ್ಚು ಹರಡುವಲ್ಲಿ ದೊಡ್ಡವರು ಗಟ್ಟಿಯಾಗಿರುವುದು ಯಾಕೆ?

ವರ್ಷವಿಡೀ, ಪ್ರತಿ ರಾತ್ರಿ ಎಂಬಷ್ಟರಮಟ್ಟಿಗೆ ರೋಗಾಣು ಹೊತ್ತ ಸೊಳ್ಳೆಗಳು ಕಚ್ಚುವ ಊರಿನಲ್ಲಿ ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಮೊದಲ ಮಲೇರಿಯಾ ಎದುರಿಸುತ್ತದೆ. ಐದು ವರ್ಷದೊಳಗೆ ಅನೇಕ ಮಕ್ಕಳು ಸಾಯುತ್ತಾರೆ. ಉಳಿದವರ ದೇಹ ನಿಧಾನವಾಗಿ ರೋಗಾಣುವಿನೊಂದಿಗೆ ಹೆಣಗಾಡಲು ಕಲಿಯುತ್ತದೆ. ದೊಡ್ಡವರಾದ ಮೇಲೆ ರಕ್ತದಲ್ಲಿ ರೋಗಾಣು ಇದ್ದರೂ ಜ್ವರವೇ ಬಾರದೆ ಇರಬಹುದು. ಹೊರಗಿನಿಂದ ನೋಡಿದವರಿಗೆ ಊರು ಆರೋಗ್ಯವಾಗಿಯೇ ಕಾಣುತ್ತದೆ. ಸ್ಮಶಾನದಲ್ಲಿರುವ ಪುಟ್ಟ ಗುಣಿಗಳು ಮಾತ್ರ ನಿಜ ಹೇಳುತ್ತವೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಶೇ 95ರಷ್ಟು ಮಂದಿ ಆಫ್ರಿಕಾ ವಲಯದವರು, ಅಲ್ಲಿ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಐದು ವರ್ಷದೊಳಗಿನ ಮಕ್ಕಳು.

ಇದರ ಇನ್ನೊಂದು ಮುಖ ಹೀಗಿದೆ: ರೋಗ ಅಪರೂಪವಾದ ಊರಿನಲ್ಲಿ ಈ ಪ್ರತಿರೋಧ ಯಾರಲ್ಲಿಯೂ ಬೆಳೆಯುವುದಿಲ್ಲ, ಇದ್ದದ್ದೂ ಕೆಲವು ವರ್ಷಗಳಲ್ಲಿ ಕರಗುತ್ತದೆ. ಹಾಗಾಗಿ ‘ಅಲ್ಪ ಪೀಡಿತ’ ಎಂಬ ಪಟ್ಟಿಯಲ್ಲಿರುವ ಜಾಗದಲ್ಲಿ ಪರಿಸ್ಥಿತಿ ಕೆಟ್ಟಿತೆಂದರೆ ಮಕ್ಕಳು, ಯುವಕರು, ಮುದುಕರು ಎನ್ನದೆ ಎಲ್ಲರೂ ಒಟ್ಟಿಗೆ ಮಲಗುತ್ತಾರೆ.

ಮಳೆ ನಿಂತಾಗ ಬಂದ ಮಾರಿ

ಅದಕ್ಕೆ ಸಾಕ್ಷಿ 1934–35ರ ಸಿಲೋನ್, ಇಂದಿನ ಶ್ರೀಲಂಕಾ. ದ್ವೀಪದ ನೈರುತ್ಯ ಭಾಗ ಮಳೆಯ ಸೀಮೆ. ನದಿಗಳು ವರ್ಷವಿಡೀ ತುಂಬಿ ಹರಿಯುತ್ತಿದ್ದವು. ಒಣ ಸೀಮೆಯಲ್ಲಿ ಮಲೇರಿಯಾ ಮಾಮೂಲಾಗಿದ್ದರೆ, ಇಲ್ಲಿ ಅದು ಅಪರೂಪ. ಮಳೆ ಹೆಚ್ಚಾದರೆ ಸೊಳ್ಳೆ ಹೆಚ್ಚು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಲ್ಲಿ ಆದದ್ದು ಬೇರೆ. 1934ರಲ್ಲಿ ಮುಂಗಾರು ಕೈಕೊಟ್ಟಿತು. ಹರಿಯುತ್ತಿದ್ದ ನದಿಗಳು ಸೊರಗಿ, ಮರಳಿನ ನಡುವೆ ಸಾವಿರಾರು ಸಣ್ಣ ಗುಂಡಿಗಳಾಗಿ ನಿಂತವು. ಬಿಸಿಲು ಬೀಳುವ ತಿಳಿನೀರಿನ ಗುಂಡಿಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಜನರಲ್ಲಿ ಪ್ರತಿರೋಧವಿರಲಿಲ್ಲ. ಬರದಿಂದ ಹೊಟ್ಟೆಗೂ ಸಾಲದಾಗಿತ್ತು. ಕೆಲವೇ ತಿಂಗಳಲ್ಲಿ ಸುಮಾರು 80,000 ಜನ ಸತ್ತರು.

ಆ ಸೀಮೆಯ ಮಣ್ಣು ಬದಲಾಗಿರಲಿಲ್ಲ. ನೀರು ನಿಂತ ರೀತಿ ಬದಲಾಗಿತ್ತು, ಅಷ್ಟೇ. ಯಾವ ಜಾಗವೂ ತಾನಾಗಿಯೇ ಪೀಡಿತ ಆಗುವುದಿಲ್ಲ ಎಂದು ಒತ್ತಿ ಹೇಳಬೇಕಾಗಿರುವುದು ಇದಕ್ಕಾಗಿಯೇ. ಸೊಳ್ಳೆ, ನೀರು, ಶಾಖ, ರೋಗಾಣು ಹೊತ್ತ ಮನುಷ್ಯ, ಅವನಿಗೆ ತಡವಾಗಿ ಸಿಕ್ಕ ಔಷಧ ಇವು ಒಂದೇ ಕಾಲಕ್ಕೆ ಒಂದೆಡೆ ಕೂಡಿದಾಗ ಜಾಗ ಪೀಡಿತವಾಗುತ್ತದೆ.

ಶಾಖದ ಪಾತ್ರವನ್ನು ಲೆಕ್ಕ ಹಾಕಿಯೇ ನೋಡಬಹುದು. ಸೊಳ್ಳೆ ಹೀರಿದ ರಕ್ತದೊಂದಿಗೆ ಒಳಹೊಕ್ಕ ರೋಗಾಣು ಬೆಳೆದು ಅದರ ಜೊಲ್ಲುಗ್ರಂಥಿ ತಲುಪಬೇಕು. ಹೆಚ್ಚು ಮಾರಕವಾದ ಫಾಲ್ಸಿಪಾರಂ ಜಾತಿಗೆ ಇದಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12 ದಿನ, 20 ಡಿಗ್ರಿಯಲ್ಲಿ ಸುಮಾರು 28 ದಿನ ಹಿಡಿಯುತ್ತದೆ. 16 ಡಿಗ್ರಿಯ ಹತ್ತಿರ ಬೆಳವಣಿಗೆಯೇ ನಿಲ್ಲುತ್ತದೆ. ದಿನಕ್ಕೆ ನೂರರಲ್ಲಿ ಹತ್ತು ಸೊಳ್ಳೆಗಳು ಸಾಯುತ್ತವೆ ಎಂದಿಟ್ಟುಕೊಳ್ಳಿ. 12 ದಿನಗಳ ಬಳಿಕ ನೂರಕ್ಕೆ 28 ಉಳಿಯುತ್ತವೆ, 28 ದಿನಗಳ ಬಳಿಕ ಉಳಿಯುವುದು ಐದು ಮಾತ್ರ. ಐದು ಡಿಗ್ರಿ ಶಾಖದ ವ್ಯತ್ಯಾಸ ರೋಗ ದಾಟಿಸಬಲ್ಲ ಸೊಳ್ಳೆಗಳ ಸಂಖ್ಯೆಯನ್ನು ಐದು ಪಟ್ಟಿಗಿಂತ ಹೆಚ್ಚು ಮಾಡುತ್ತದೆ. ತಂಪಾದ ಎತ್ತರದ ಪ್ರದೇಶಗಳು ಇಷ್ಟು ಕಾಲ ಸುರಕ್ಷಿತವಾಗಿದ್ದದ್ದಕ್ಕೂ, ಹವಾಮಾನ ಬದಲಾದಂತೆ ಅಲ್ಲಿನ ವೈದ್ಯರು ಆತಂಕಪಡುತ್ತಿರುವುದಕ್ಕೂ ಕಾರಣ ಈ ಲೆಕ್ಕದಲ್ಲಿದೆ.

ಸೊಳ್ಳೆ ಇದ್ದರೆ ಸಾಕು, ಜಾಗ ಅಪಾಯಕಾರಿ ಎನ್ನುವಂತೆಯೂ ಇಲ್ಲ. ಯೂರೋಪಿನ ಹಲವು ಊರುಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ತುಂಬಿದ್ದರೂ ಮಲೇರಿಯಾ ಇರಲಿಲ್ಲ. ಬಹಳ ಕಾಲ ಇದು ಒಗಟಾಗಿತ್ತು. 1920ರ ದಶಕದಲ್ಲಿ ಇಟಲಿಯ ಫಾಲೆರೋನಿ ಎಂಬುವರು ಸೊಳ್ಳೆಯ ಮೊಟ್ಟೆಗಳ ಮೇಲಿನ ಗೆರೆಗಳನ್ನು ಗಮನಿಸಿ, ಒಂದೇ ಜಾತಿ ಎಂದುಕೊಂಡಿದ್ದರೊಳಗೆ ಹಲವು ಬಗೆಗಳಿವೆ ಎಂದು ತೋರಿಸಿದರು. ಕೆಲವು ಬಗೆಯ ಸೊಳ್ಳೆಗಳು ದನಕರುಗಳ ರಕ್ತವನ್ನೇ ಬಯಸುತ್ತಿದ್ದವು. ಅವು ಇದ್ದಲ್ಲಿ ಮನುಷ್ಯರು ಪಾರಾಗಿದ್ದರು.

ಸಾವಿರಕ್ಕೆ ಒಂದು ಎಂಬ ಗೆರೆ

ಇಂದು ಗುಲ್ಮದ ಲೆಕ್ಕ ಹಿಂದೆ ಸರಿದಿದೆ. ಆಡಳಿತ ಬಳಸುವುದು ವಾರ್ಷಿಕ ರೋಗಾಣು ಸೂಚ್ಯಂಕವನ್ನು. ಅಂದರೆ ವರ್ಷವೊಂದರಲ್ಲಿ ಸಾವಿರ ಜನರಿಗೆ ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಪ್ರಕರಣಗಳೆಷ್ಟು ಎಂಬುದು. ಭಾರತ 2016ರಲ್ಲಿ ರೂಪಿಸಿದ ನಿರ್ಮೂಲನ ಚೌಕಟ್ಟು ರಾಜ್ಯಗಳನ್ನು ವಿಂಗಡಿಸುವುದು ಇದೇ ಅಂಕಿಯಿಂದ. ರಾಜ್ಯ ಮತ್ತು ಅದರ ಎಲ್ಲ ಜಿಲ್ಲೆಗಳಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಒಂದು ವರ್ಗ, ರಾಜ್ಯದ ಸರಾಸರಿ ಕಡಿಮೆ ಇದ್ದು ಕೆಲವು ಜಿಲ್ಲೆಗಳಲ್ಲಿ ಹೆಚ್ಚಿದ್ದರೆ ಇನ್ನೊಂದು, ಇಡೀ ರಾಜ್ಯವೇ ಆ ಗೆರೆ ಮುಟ್ಟಿದ್ದರೆ ಅಥವಾ ದಾಟಿದ್ದರೆ ಮತ್ತೊಂದು.

ಸರಳವಾದ, ಹೋಲಿಕೆಗೆ ಒದಗುವ ಅಳತೆ ಇದು. ಆದರೆ ಇದಕ್ಕೊಂದು ದೊಡ್ಡ ದೌರ್ಬಲ್ಯವಿದೆ: ಹುಡುಕಿದಷ್ಟೇ ಸಿಗುತ್ತದೆ. 50,000 ಜನಸಂಖ್ಯೆಯ ಪ್ರದೇಶದಲ್ಲಿ 60 ಪ್ರಕರಣ ದೃಢಪಟ್ಟರೆ ಸೂಚ್ಯಂಕ 1.2. ಅಲ್ಲಿ ರಕ್ತಪರೀಕ್ಷೆಗಳನ್ನು ಅರ್ಧಕ್ಕಿಳಿಸಿ 30 ಪ್ರಕರಣಗಳಷ್ಟೇ ಸಿಕ್ಕರೆ ಅದು 0.6ಕ್ಕೆ ಇಳಿದು, ಊರು ಗೆರೆಯ ಈಚೆಗೆ ಬರುತ್ತದೆ. ಸೊಳ್ಳೆಗೆ ಈ ಬದಲಾವಣೆಯ ಅರಿವೇ ಇರುವುದಿಲ್ಲ. ಅದಕ್ಕೇ ವರ್ಷಕ್ಕೆ ಜನಸಂಖ್ಯೆಯ ಶೇಕಡ ಎಷ್ಟು ಮಂದಿಯ ರಕ್ತ ಪರೀಕ್ಷಿಸಲಾಯಿತು ಎಂಬ ಅಂಕಿಯನ್ನು ಜೊತೆಯಲ್ಲಿಟ್ಟುಕೊಂಡೇ ಸೂಚ್ಯಂಕವನ್ನು ಓದಬೇಕು. ಸುದ್ದಿಗಳಲ್ಲಿ ಮೊದಲ ಅಂಕಿ ಬರುತ್ತದೆ, ಎರಡನೆಯದು ಬರುವುದೇ ಇಲ್ಲ. ಪರೀಕ್ಷೆಗೆ ಕೊನೆಯದಾಗಿ ಸಿಗುವವರು ಯಾರೆಂದರೆ ಕಾಡಿನಂಚಿನ ಹಾಡಿಗಳ ಜನ, ಊರೂರು ಅಲೆಯುವ ಕಟ್ಟಡ ಕಾರ್ಮಿಕರು, ಗಣಿಗಳಲ್ಲಿ ದುಡಿಯುವವರು. ರೋಗ ಕೊನೆಯವರೆಗೆ ಉಳಿಯುವುದೂ ಅವರಲ್ಲಿಯೇ.

ವೈವಾಕ್ಸ್ ಜಾತಿಯ ರೋಗಾಣು ಈ ಲೆಕ್ಕವನ್ನು ಇನ್ನಷ್ಟು ಗೋಜಲು ಮಾಡುತ್ತದೆ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದಾಚೆಗೂ ಸುಪ್ತವಾಗಿದ್ದು ಮತ್ತೆ ಏಳಬಲ್ಲದು. ಆ ವರ್ಷ ಸೊಳ್ಳೆಯೇ ಕಚ್ಚದವನಲ್ಲಿಯೂ ಹೊಸ ಜ್ವರ ಕಾಣಿಸಿಕೊಳ್ಳುತ್ತದೆ.

ಪಟ್ಟಿಯಲ್ಲಿ ಉಳಿಸಬೇಕೆ, ತೆಗೆಯಬೇಕೆ?

ಇಲ್ಲಿ ಎರಡು ನಿಲುವುಗಳು ಎದುರುಬದುರಾಗಿವೆ. ಪೀಡಿತ ಎಂಬ ಹಣೆಪಟ್ಟಿ ಬೇಗ ಕಳಚಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಆ ಪಟ್ಟಿಯಿಂದ ಪ್ರವಾಸಿಗರು ಹಿಂಜರಿಯುತ್ತಾರೆ, ಹೂಡಿಕೆ ಕುಗ್ಗುತ್ತದೆ. ಅಂಥ ಪ್ರದೇಶಕ್ಕೆ ಹೋಗಿಬಂದವರ ರಕ್ತವನ್ನು ಅನೇಕ ದೇಶಗಳ ರಕ್ತನಿಧಿಗಳು ನಿಗದಿತ ಅವಧಿಯವರೆಗೆ ಸ್ವೀಕರಿಸುವುದಿಲ್ಲ. ಅಮೆರಿಕದಲ್ಲಿ ಈ ಅವಧಿ ಒಂದು ವರ್ಷವಿದ್ದದ್ದು 2020ರಲ್ಲಿ ಮೂರು ತಿಂಗಳಿಗೆ ಇಳಿಯಿತು. ಅಲ್ಲದೆ ನಾಲ್ಕು ಹಳ್ಳಿಗಳಲ್ಲಿ ಉಳಿದ ರೋಗಕ್ಕೆ ಇಡೀ ಜಿಲ್ಲೆಯ ಹೆಸರು ಕೆಡಿಸುವುದು ಸರಿಯಲ್ಲ.

ಇನ್ನೊಂದು ಪಕ್ಷ ಹೇಳುವುದಿಷ್ಟು: ಪ್ರಕರಣ ಶೂನ್ಯಕ್ಕಿಳಿದರೂ ಸೊಳ್ಳೆ, ನೀರು, ಶಾಖ ಅಲ್ಲಿಯೇ ಇವೆ. ಒಣಹುಲ್ಲು ಹಾಗೆಯೇ ಇದೆ, ಕಿಡಿ ಮಾತ್ರ ಆರಿದೆ. ಆದ್ದರಿಂದ ತಜ್ಞರು ಎರಡು ಅಂಶಗಳನ್ನು ಬೇರೆ ಬೇರೆಯಾಗಿ ತೂಗುತ್ತಾರೆ. ರೋಗ ಬಂದರೆ ಹರಡಲು ಆ ಪರಿಸರ ಎಷ್ಟು ಒಗ್ಗುತ್ತದೆ ಎಂಬುದೊಂದು, ಹೊರಗಿನಿಂದ ರೋಗಾಣು ಬರುವ ಸಂಭವ ಎಷ್ಟು ಎಂಬುದು ಇನ್ನೊಂದು. ಎರಡರಲ್ಲಿ ಯಾವುದಾದರೂ ಒಂದು ಶೂನ್ಯವಾಗಿದ್ದರೆ ಅಪಾಯವಿಲ್ಲ. ಎರಡೂ ಹೆಚ್ಚಿದ್ದರೆ, ಇಂದು ಒಂದೂ ಪ್ರಕರಣವಿಲ್ಲದಿದ್ದರೂ ಕಾವಲು ಬಿಡುವಂತಿಲ್ಲ.

ಈ ಎರಡನೆಯ ಪಕ್ಷದ ಮಾತೇ ಹೆಚ್ಚು ತೂಕದ್ದು. ಹಾಗೆಂದು ಇಡೀ ಜಿಲ್ಲೆಗೆ ಹಣೆಪಟ್ಟಿ ಹಚ್ಚಿಡಬೇಕಾಗಿಲ್ಲ. ತಾಣಗಳನ್ನೇ ವಿಂಗಡಿಸುವ ಕ್ರಮ ಈಗಾಗಲೇ ಇದೆ. ಈ ವರ್ಷ ಸ್ಥಳೀಯ ಪ್ರಕರಣ ಕಂಡ ತಾಣ ಸಕ್ರಿಯ, ಕಳೆದ ಮೂರು ವರ್ಷಗಳೊಳಗೆ ಕಂಡಿದ್ದು ಈಗ ಇಲ್ಲದಿದ್ದರೆ ಶೇಷ ತಾಣ, ಮೂರು ವರ್ಷ ದಾಟಿದರೆ ತೆರವಾದ ತಾಣ. ಚೀನಾ 2021ರಲ್ಲಿ ಪ್ರಮಾಣಪತ್ರ ಪಡೆದದ್ದು ಇಂಥ ಸೂಕ್ಷ್ಮ ಕಾವಲಿನಿಂದಲೇ. ಪ್ರಕರಣವನ್ನು ಒಂದು ದಿನದೊಳಗೆ ವರದಿ ಮಾಡುವುದು, ಮೂರು ದಿನದೊಳಗೆ ಮೂಲ ಪತ್ತೆಹಚ್ಚುವುದು, ಏಳು ದಿನದೊಳಗೆ ಆ ತಾಣದಲ್ಲಿ ಕ್ರಮ ಕೈಗೊಳ್ಳುವುದು ಅಲ್ಲಿನ ನಿಯಮವಾಗಿತ್ತು.

ಎರಡೂ ಪಕ್ಷಗಳಿಗೆ ಸುಲಭವಾಗಿ ಒಗ್ಗದ ಉದಾಹರಣೆ ಮಲೇಷ್ಯಾ. ಅಲ್ಲಿ 2018ರಿಂದ ಮನುಷ್ಯರ ನಡುವೆ ಸುತ್ತುವ ಮಲೇರಿಯಾದ ಸ್ಥಳೀಯ ಪ್ರಕರಣವಿಲ್ಲ. ಆದರೆ ಕೋತಿಗಳಲ್ಲಿರುವ ನೋಲೆಸಿ ಎಂಬ ಜಾತಿಯ ರೋಗಾಣು ಕಾಡಿನ ಸೊಳ್ಳೆಗಳ ಮೂಲಕ ಪ್ರತಿವರ್ಷ ಸಾವಿರಾರು ಜನರಿಗೆ ಅಂಟುತ್ತಿದೆ, ಜೀವವನ್ನೂ ತೆಗೆಯುತ್ತಿದೆ. ಸರಪಳಿಯ ಲೆಕ್ಕದಲ್ಲಿ ದೇಶ ಗೆದ್ದಿದೆ. ಪ್ರಮಾಣಪತ್ರ ಮಾತ್ರ ಸಿಕ್ಕಿಲ್ಲ. ತೋಟ ಮಾಡಲು ಕಾಡು ಕಡಿಯಲು ಹೋಗಿ ಜ್ವರ ಹಿಡಿದು ಮಲಗಿದ ಕೂಲಿಯವನಿಗೆ ಆ ಜಾಗ ಪೀಡಿತವೇ.

ಮುಂದೆ ಏನಾಗಬಹುದು?

ಅಂಕಿ ತೀರಾ ಕೆಳಗಿಳಿದ ಹೊತ್ತಿನಲ್ಲಿಯೇ ಅಪಾಯ ಹೆಚ್ಚು. ಶ್ರೀಲಂಕಾ 1963ರಲ್ಲಿ ಇಡೀ ವರ್ಷಕ್ಕೆ ಕೇವಲ 17 ಪ್ರಕರಣ ಕಂಡಿತ್ತು. ಕೀಟನಾಶಕ ಸಿಂಪಡಣೆ ನಿಂತಿತು, ಕಾವಲು ಸಡಿಲವಾಯಿತು. 1969ರ ಹೊತ್ತಿಗೆ ವರ್ಷಕ್ಕೆ ಐದು ಲಕ್ಷ ದಾಟಿತು. ಭಾರತದಲ್ಲೂ 1960ರ ದಶಕದ ಮಧ್ಯದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೇರಿದವು. ಶ್ರೀಲಂಕಾ ಪಾಠ ಕಲಿತು, 2012ರಲ್ಲಿ ಕೊನೆಯ ಸ್ಥಳೀಯ ಪ್ರಕರಣ ಕಂಡು, 2016ರಲ್ಲಿ ಪ್ರಮಾಣಪತ್ರ ಪಡೆಯಿತು. ಹೊರಗಿನಿಂದ ಬರುವ ಪ್ರಕರಣಗಳನ್ನು ಅದು ಇಂದಿಗೂ ಒಂದೊಂದಾಗಿ ಹಿಂಬಾಲಿಸುತ್ತದೆ.

ಸೊಳ್ಳೆಗಳೂ ಸುಮ್ಮನೆ ಕುಳಿತಿಲ್ಲ. ದಕ್ಷಿಣ ಏಷ್ಯಾದ ನಗರಗಳಲ್ಲಿ ತೊಟ್ಟಿ, ಬಾವಿ, ಮಾಳಿಗೆಯ ನೀರಿನ ಟ್ಯಾಂಕುಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ವರದಿಯಾದ ಪ್ರಕರಣ 27. 2020ರಲ್ಲಿ 73,000 ದಾಟಿತು. ಆಫ್ರಿಕಾದಲ್ಲಿ ಮಲೇರಿಯಾ ಮುಖ್ಯವಾಗಿ ಹಳ್ಳಿಯ ರೋಗ ಎಂಬ ಎಣಿಕೆಯ ಮೇಲೆ ನಿಂತಿದ್ದ ಯೋಜನೆಗಳನ್ನು ಈಗ ಹೊಸದಾಗಿ ಬರೆಯಬೇಕಾಗಿದೆ. ಈ ಸೊಳ್ಳೆ ಇಥಿಯೋಪಿಯಾದ ಪಟ್ಟಣಗಳಿಗೂ ಆಗಲೇ ಹಬ್ಬಿದೆ. ಇದರ ನಡುವೆ 2025ರಲ್ಲಿ ಅಮೆರಿಕ ತನ್ನ ವಿದೇಶಿ ಆರೋಗ್ಯ ನೆರವನ್ನು ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸಿತು. ಸೊಳ್ಳೆಪರದೆ, ಪರೀಕ್ಷಾ ಪಟ್ಟಿ, ಔಷಧ ಇವುಗಳಿಗೆ ಆ ನೆರವನ್ನೇ ನೆಚ್ಚಿದ್ದ ದೇಶಗಳಲ್ಲಿ ರೋಗದ ಜೊತೆಗೆ ರೋಗದ ಲೆಕ್ಕವೂ ಕೈತಪ್ಪುವ ಭಯವಿದೆ.

ಭಾರತದಲ್ಲಿ 2015ರಲ್ಲಿ ಸುಮಾರು 11.69 ಲಕ್ಷವಿದ್ದ ವರದಿಯಾದ ಪ್ರಕರಣಗಳು 2023ರಲ್ಲಿ ಸುಮಾರು 2.27 ಲಕ್ಷಕ್ಕೆ ಇಳಿದಿವೆ. ಮಲೇರಿಯಾ ಹೊರೆ ಹೆಚ್ಚಿರುವ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಗುಂಪಿನಿಂದ ಅದು 2024ರಲ್ಲಿ ಹೊರಬಂದಿತು. 2027ರೊಳಗೆ ಸ್ಥಳೀಯ ಪ್ರಕರಣಗಳನ್ನು ಶೂನ್ಯಕ್ಕಿಳಿಸಿ, 2030ಕ್ಕೆ ಮಲೇರಿಯಾ ಮುಕ್ತವಾಗುವುದು ಅದರ ಗುರಿ. ಮುಂದಿನ ವರ್ಷಗಳಲ್ಲಿ ಒಂದರ ಹಿಂದೊಂದು ಜಿಲ್ಲೆ ‘ಮುಕ್ತ’ವೆಂದು ಘೋಷಣೆಯಾಗುವ ಸುದ್ದಿಗಳು ಬರಲಿವೆ. ಅಂಥ ಪ್ರತಿ ಘೋಷಣೆಯ ಜೊತೆಯಲ್ಲಿ ಆ ಜಿಲ್ಲೆಯಲ್ಲಿ ಎಷ್ಟು ಜನರ ರಕ್ತ ಪರೀಕ್ಷೆಯಾಯಿತು, ಉಳಿದ ಪ್ರಕರಣಗಳು ಎಲ್ಲಿಂದ ಬಂದವು, ಸೊಳ್ಳೆ ನಿಯಂತ್ರಣದ ಸಿಬ್ಬಂದಿಯನ್ನು ಮುಂದಿನ ಮೂರು ವರ್ಷ ಉಳಿಸಿಕೊಳ್ಳಲಾಗುತ್ತದೆಯೇ ಎಂಬ ವಿವರಗಳನ್ನು ಜಿಲ್ಲಾಡಳಿತಗಳು ಪ್ರಕಟಿಸಬೇಕು, ಪತ್ರಕರ್ತರು ಕೇಳಿ ಪಡೆಯಬೇಕು.